ಹಲ್ಲು ಕಾಣಬಾರದು: ಹಳೇ ಫೋಟೋ ಅಲ್ಲಾಡಿಸಿದ ನನ್ನ ಅನುಭವ

"ಸತ್ತವರ ಫೋಟೋ ಕಣ್ಣು ಮಿಟುಕಿಸಿದ್ರ ಮಂದಿ ಹೆದರ್ತಾರ. ರೊಕ್ಕ ಯಾರು ಕೊಡ್ತಾರ?" ತೀರಿಕೊಂಡವರ ಹಳೇ ಫೋಟೋಗೆ ಎಐನಿಂದ ಒಂಚೂರು ಚಲನೆ ಕೊಟ್ಟು ಸಣ್ಣ ವಿಡಿಯೋ ಮಾಡೋದು ನನ್ನ ಕೆಲಸ. ಕಲಬುರಗಿ ಸೂಪರ್ ಮಾರ್ಕೆಟ್ ಕಡೆಯ ಸ್ಟುಡಿಯೋ ಗೆಳೆಯರು ವರ್ಷದ ಮೇಲೆ ನನಗೆ ಹೇಳಿದ್ದು ಇದನ್ನೇ. ಈಗ ಅವರಲ್ಲೇ ಮೂರ್ನಾಲ್ಕು ಜನ ತಮ್ಮ ಗಿರಾಕಿಗಳ ಫೋಟೋ ನನಗೆ ಕಳಿಸುತ್ತಾರೆ. ನಡುವೆ ಇನ್ನೂರು ಮುನ್ನೂರು ತಾವು ಇಟ್ಟುಕೊಳ್ಳುತ್ತಾರೆ. ಇಟ್ಟುಕೊಳ್ಳಲಿ, ಬೇಜಾರಿಲ್ಲ. ಕೆಲಸ ಕುದುರಿದ್ದು ಹೇಗೆ ಅಂತ ಕೇಳುವವರು ಜಾಸ್ತಿ ಆಗಿದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ.

ಎಡಿಯಸ್‌ನಲ್ಲೋ ರಿಸಾಲ್ವ್‌ನಲ್ಲೋ ಲಗ್ನದ ವಿಡಿಯೋ ಕತ್ತರಿಸಿ ಕೈ ಪಳಗಿದವರಿಗೆ ಇದು. ಕಂಫಿ ಯುಐ (ಎಐ ಮಾಡೆಲ್‌ಗಳನ್ನು ನಮ್ಮ ಕಂಪ್ಯೂಟರಿನಲ್ಲೇ ಓಡಿಸುವ ಸಾಫ್ಟ್‌ವೇರ್) ಒಮ್ಮೆಯಾದರೂ ತೆರೆದಿದ್ದೀರಿ ಅಂದುಕೊಳ್ಳುತ್ತೇನೆ. ಇನ್‌ಸ್ಟಾಲ್ ಮಾಡೋದು ಹೇಗೆ ಅಂತ ಹೇಳುತ್ತಾ ಕೂರಲ್ಲ.

ಗೆಳೆಯರ ಅನುಮಾನಕ್ಕೂ ಕಾರಣ ಇತ್ತು. 2021ರಲ್ಲಿ ಹಳೇ ಫೋಟೋದ ಮುಖ ಅಲ್ಲಾಡಿಸುವ ಮೈಹೆರಿಟೇಜ್‌ನವರ ಡೀಪ್ ನಾಸ್ಟಾಲ್ಜಿಯಾ ಬಂದಾಗ ಎಲ್ಲರೂ ಅದರ ಜೊತೆ ಆಡಿದ್ದೆವು. ಮುಖ ಯಾರದೇ ಇರಲಿ, ತಲೆ ಹೊರಳಿಸುವ ಧಾಟಿ ಒಂದೇ. ಹೊಲದಲ್ಲಿ ಬಾಳಿದ ಮುತ್ಯಾ ಫ್ಯಾಷನ್ ಷೋ ಹುಡುಗನ ಹಾಗೆ ಕತ್ತು ಕೊಂಕಿಸಿದರೆ ಮನೆಯವರಿಗೆ ಹೇಗಾಗಬೇಡ? 2024ರಲ್ಲಿ ಫೋಟೋದಿಂದ ವಿಡಿಯೋ ಮಾಡುವ ಲೂಮಾ, ಕ್ಲಿಂಗ್ ಬಂದವು. ಆಗ ಇನ್ನೊಂದು ಕಾಟ. ಚಲನೆ ಜಾಸ್ತಿ. ಕುರ್ಚಿಯಲ್ಲಿ ಕೂತವರು ಎದ್ದು ಬರುತ್ತಾರೆ, ನಗುತ್ತಾರೆ, ಕೈ ಬೀಸುತ್ತಾರೆ.

ನಮ್ಮ ಕಡೆ ಈ ಕೆಲಸ ಬರೋದು ಬಹುಪಾಲು ಪುಣ್ಯಸ್ಮರಣೆಗೆ. ವರ್ಷದ ದಿನ ಬೆಳಿಗ್ಗೆ ಮನೆಮಂದಿಯೆಲ್ಲ ವಾಟ್ಸಾಪ್ ಸ್ಟೇಟಸ್ ಇಡುತ್ತಾರೆ. ಮೊದಲು ಫೋಟೋಗೆ ಹಾರ ಅಂಟಿಸಿ, ಹಿಂದೆ ಮೋಡ ಓಡಿಸಿ ಕೊಡುತ್ತಿದ್ದೆವು. ನೂರೈವತ್ತು ರೂಪಾಯಿ ಕೆಲಸ, ಅದನ್ನು ಈಗ ಮೊಬೈಲಿನಲ್ಲಿ ಅವರ ಮೊಮ್ಮಕ್ಕಳೇ ಮಾಡಿಕೊಳ್ಳುತ್ತಾರೆ. ಹಾಗಾಗಿ ಹೊಸದೇನಾದರೂ ಬೇಕಿತ್ತು.

ಶುರುವಿನಲ್ಲಿ ಆನ್‌ಲೈನ್ ಸೇವೆಗಳಿಗೇ ದುಡ್ಡು ಸುರಿದೆ. ಡಾಲರ್ ದರ, ಅದರ ಮೇಲೆ ಜಿಎಸ್‌ಟಿ, ಅದರ ಮೇಲೆ ಕಾರ್ಡಿನವರ ಫಾರೆಕ್ಸ್ ಚಾರ್ಜು. ಸಾವಿರ ಅಂದುಕೊಂಡದ್ದು ಸಾವಿರದ ಇನ್ನೂರರ ಮೇಲೆ ಹೋಗುತ್ತಿತ್ತು. ಒಂದು ಕಡೆ ತಿಂಗಳು ಮುಗಿದ ಕೂಡಲೇ ಉಳಿದ ಕ್ರೆಡಿಟ್ ಹೋಯಿತು. ಹೆಸರು ಬೇಡ. ಒಂದು ಒಳ್ಳೆಯ ಕ್ಲಿಪ್ ಸಿಗಲು ಏಳೆಂಟು ಸಲ ಓಡಿಸಬೇಕು, ಏಳೆಂಟು ಸಲವೂ ಮೀಟರ್ ಓಡುತ್ತೆ. ಮೂರು ನಾಲ್ಕು ತಿಂಗಳಲ್ಲಿ ಹದಿನೈದು ಸಾವಿರದ ಹತ್ತಿರ ಹೋಗಿರಬೇಕು, ಬಂದದ್ದು ಅದರ ಅರ್ಧವೂ ಅಲ್ಲ.

ಆಮೇಲೆ ಹೈದರಾಬಾದಿನಿಂದ ಎಐ ಅಂಗಡಿಯಲ್ಲೇ ಓಡಿಸಲು ಸೆಕೆಂಡ್ ಹ್ಯಾಂಡ್ ಆರ್‌ಟಿಎಕ್ಸ್ 3060 ಗ್ರಾಫಿಕ್ಸ್ ಕಾರ್ಡ್ ತರಿಸಿದೆ, 12 ಜಿಬಿಯದು, ಹದಿನೆಂಟು ಸಾವಿರದ ಆಸುಪಾಸು. 8 ಜಿಬಿ ಕಾರ್ಡ್ ಇದ್ದವರು ಕೈ ಕಟ್ಟಿ ಕೂರಬೇಕಿಲ್ಲ. ಫ್ರೇಮ್‌ಪ್ಯಾಕ್ ಅನ್ನುವ ವಿಡಿಯೋ ಎಐ 6 ಜಿಬಿಯಲ್ಲೂ ಓಡುತ್ತೆ, ಆದರೆ ಕಾಯಬೇಕು. ನನ್ನದು ವ್ಯಾನ್ 2.1, ಅದರ ಫೋಟೋದಿಂದ ವಿಡಿಯೋ ಮಾಡುವ 14ಬಿ ಅನ್ನುವ ದೊಡ್ಡ ಮಾಡೆಲ್, 480ಪಿ, ಕಡಿಮೆ ಮೆಮೊರಿಗೆ ಒಗ್ಗುವಂತೆ ಕುಗ್ಗಿಸಿದ ಜಿಜಿಯುಎಫ್ ರೂಪದಲ್ಲಿ. ಅಲಿಬಾಬಾದವರು 2025ರ ಫೆಬ್ರುವರಿಯಲ್ಲಿ ಇದನ್ನು ಪುಕ್ಕಟೆ ಬಿಟ್ಟದ್ದು ನನ್ನಂಥವರಿಗೆ ದೊಡ್ಡ ಉಪಕಾರ. ಕಂಪ್ಯೂಟರಿನ ರ‍್ಯಾಮ್ ಮಾತ್ರ 16 ಜಿಬಿ ಇದ್ದರೆ ನಡುವೆಯೇ ನಿಂತುಹೋಗುತ್ತೆ. 32 ಹಾಕಿಸಿ.

ಬೇಸಿಗೆಯಲ್ಲಿ ಇನ್ನೊಂದು ತಲೆನೋವು. ಮೇ ತಿಂಗಳಲ್ಲಿ ಹೊರಗೆ 43 ಡಿಗ್ರಿ, ಅಂಗಡಿಗೆ ತಗಡಿನ ಮಾಡು, ಕಾರ್ಡ್ 85ರ ಹತ್ತಿರ ಹೋಗುತ್ತಿತ್ತು. ಕಾರ್ಡ್ ಹತೋಟಿಯಲ್ಲಿಡುವ ಆಫ್ಟರ್‌ಬರ್ನರ್ ಸಾಫ್ಟ್‌ವೇರಿನಲ್ಲಿ ಪವರ್ ಲಿಮಿಟ್ ಶೇ. 75ಕ್ಕೆ ಇಳಿಸಿದೆ. ಹತ್ತು ಡಿಗ್ರಿ ಕಡಿಮೆ ಆಯಿತು, ಸಮಯ ಒಂಚೂರು ಜಾಸ್ತಿ ಆಯಿತು, ಅಷ್ಟೇ. ದೊಡ್ಡ ಕೆಲಸ ಇದ್ದರೆ ರಾತ್ರಿ ಹಚ್ಚಿಟ್ಟು ಮನೆಗೆ ಹೋಗುತ್ತೇನೆ. ಕರೆಂಟ್ ಹೋಗುವುದಕ್ಕೆ ಯುಪಿಎಸ್ ಇದೆ, ಆದರೆ ಅದು ತಡೆಯೋದು ಹತ್ತು ನಿಮಿಷ.

ಈಗ ಅಸಲಿ ವಿಷಯ. ಮನೆಯವರು ವಿಡಿಯೋ ವಾಪಸ್ ಮಾಡೋದಕ್ಕೆ ಮೊದಲ ಕಾರಣ ಹಲ್ಲು. ಹಳೇ ಫೋಟೋದಲ್ಲಿ ಯಾರೂ ಹಲ್ಲು ತೋರಿಸಿ ನಕ್ಕಿರಲ್ಲ. ಎಐ ಬಾಯಿ ತೆರೆಸಿತು ಅಂದರೆ ತನ್ನದೇ ಹಲ್ಲು ಕೂರಿಸುತ್ತೆ. ಸಾಲಾಗಿ, ಬೆಳ್ಳಗೆ, ಟೂತ್‌ಪೇಸ್ಟ್ ಜಾಹೀರಾತಿನವು. ಆಳಂದ ಕಡೆಯ ಒಬ್ಬ ಕಾಕಾ ವಿಡಿಯೋ ನೋಡಿ ಫೋನು ಟೇಬಲ್ ಮೇಲೆ ಬೋರಲು ಇಟ್ಟರು. "ನಮ್ಮಪ್ಪಗ ಮುಂದಿನ ಎರಡು ಹಲ್ಲೇ ಇರ್ಲಿಲ್ಲಪಾ. ಇವ್ರು ಯಾರೋ ಬ್ಯಾರೆಯವ್ರು." ಮುಖ ಉಳಿದೆಲ್ಲ ಹಾಗೇ ಇತ್ತು. ಬಾಯಿ ಒಂದೇ ಸಾಕು, ಮನುಷ್ಯನೇ ಬೇರೆ ಆಗಿಬಿಡುತ್ತಾನೆ.

ಎರಡನೆಯದು ವಿಭೂತಿ. ಹುಬ್ಬು ಎತ್ತಿದರೆ ಮೂರು ಪಟ್ಟಿ ಹಣೆಯ ಗೆರೆಗಳ ಜೊತೆ ಬೆರೆತು ಮಾಯ. ಮೂರನೆಯದು ರುಮಾಲು, ಅದು ರಾಜಸ್ಥಾನದ ಪಗಡಿ ಆಗುತ್ತೆ. ಹೆಂಗಸರ ಫೋಟೋದಲ್ಲಿ ನತ್ತು ಮೂಗಿನೊಳಗೆ ಕರಗುತ್ತೆ, ಇಳಕಲ್ ಸೀರೆಯ ಅಂಚು ಹರಿಯೋಕೆ ಶುರು ಮಾಡುತ್ತೆ.

ಏನೇನು ಬೇಡ ಅಂತ ಮಾಡೆಲ್‌ಗೆ ಹೇಳುವ ನೆಗೆಟಿವ್ ಪ್ರಾಂಪ್ಟಿನಲ್ಲಿ ಹಲ್ಲು, ನಗು ಎಲ್ಲ ಬರೆದು ನೋಡಿ ಅನ್ನುತ್ತೀರಿ. ಬರೆದೆ. ಆದರೆ ವೇಗಕ್ಕೆ ಅಂತ ಲೈಟ್‌ಎಕ್ಸ್2ವಿ ಲೋರಾ (ಮಾಡೆಲ್‌ಗೆ ಜೋಡಿಸುವ ಸಣ್ಣ ಫೈಲ್) ಹಾಕಿ, ಪ್ರಾಂಪ್ಟನ್ನು ಎಷ್ಟು ಬಿಗಿಯಾಗಿ ಹಿಡಿಯಬೇಕು ಅನ್ನುವ ಸಿಎಫ್‌ಜಿಯನ್ನು 1ಕ್ಕೆ ಇಟ್ಟರೆ ನೆಗೆಟಿವ್ ಪ್ರಾಂಪ್ಟ್ ಕೆಲಸವೇ ಮಾಡಲ್ಲ. ಎಷ್ಟು ಬರೆದರೂ ಸುಮ್ನೆ. ಇದು ಗೊತ್ತಿಲ್ಲದೆ ಒದ್ದಾಡುವವರನ್ನು ಇವತ್ತಿಗೂ ನೋಡುತ್ತಿದ್ದೇನೆ. ಆದರೂ ನಾನು ಆ ಲೋರಾ ಬಿಡಲಿಲ್ಲ. 5 ಸೆಕೆಂಡಿಗೆ ಇಪ್ಪತ್ತು ನಿಮಿಷದ ಮೇಲೆ ತಗೊಳ್ಳುತ್ತಿದ್ದದ್ದು ನಾಲ್ಕೈದು ನಿಮಿಷಕ್ಕೆ ಇಳಿಯಿತು. ಅದನ್ನು ಹಾಕಿದರೆ ಚಲನೆ ಸತ್ತುಹೋಗುತ್ತೆ ಅಂತ ಎಲ್ಲರೂ ಬೈಯುತ್ತಾರೆ, ಅಲ್ವಾ? ನನಗೆ ಬೇಕಿದ್ದದ್ದೇ ಅದು. ಕಡಿಮೆ ಚಲನೆ. ಕಣ್ಣು ಒಮ್ಮೆ ಮಿಟುಕಬೇಕು, ಎದೆ ಒಂಚೂರು ಏರಿ ಇಳಿಯಬೇಕು. ಅದಕ್ಕಿಂತ ಒಂದು ಕೂದಲೂ ಜಾಸ್ತಿ ಬೇಡ.

ಏನು ಬೇಕು ಅಂತ ಹೇಳುವ ಪ್ರಾಂಪ್ಟ್ ಎರಡೇ ಸಾಲು, ಇಂಗ್ಲಿಷಿನಲ್ಲಿ. ಕ್ಯಾಮೆರಾ ಸ್ಥಿರ, ಮೆಲ್ಲಗೆ ಉಸಿರು, ಒಮ್ಮೆ ಕಣ್ಣು ಮಿಟುಕು. ನಗು ಅನ್ನುವ ಪದ ಎಲ್ಲೂ ಬರಬಾರದು. ಬಾಯಿ ಮುಚ್ಚಿರಲಿ ಅಂತಲೂ ಬರೆಯಬೇಡಿ. ಬಾಯಿಯ ಹೆಸರು ತೆಗೆದರೆ ಸಾಕು, ಅದು ಬಾಯಿಗೇ ಕೈ ಹಾಕುತ್ತೆ. ಕೊನೆಗೆ ನಾನು ಹಾಕುವ ಒಂದು ಪದ ಇದೆ, ಅದು ನನ್ನ ಹತ್ತಿರವೇ ಇರಲಿ.

ವ್ಯಾನ್ ಕೊಡೋದು 81 ಫ್ರೇಮ್, ಸೆಕೆಂಡಿಗೆ 16ರ ಲೆಕ್ಕದಲ್ಲಿ 5 ಸೆಕೆಂಡ್. ಇದರಲ್ಲಿ ಮೊದಲ ಎರಡು, ಎರಡೂವರೆ ಸೆಕೆಂಡ್ ಮಾತ್ರ ಫೋಟೋದ ಮುಖಕ್ಕೆ ನಿಯತ್ತಾಗಿರುತ್ತೆ. ಆಮೇಲೆ ಮೆಲ್ಲಗೆ ಜಾರುತ್ತೆ. ಮೂಗು ಒಂಚೂರು ಸಣ್ಣ, ದವಡೆ ಒಂಚೂರು ನುಣುಪು. ನಮಗೆ ಕಾಣಲ್ಲ, ಮಗಳಿಗೆ ತಕ್ಷಣ ಕಾಣುತ್ತೆ. ಹಾಗಾಗಿ ಮೊದಲ 40 ಫ್ರೇಮ್ ಇಟ್ಟುಕೊಂಡು ಉಳಿದದ್ದು ಬಿಸಾಕುತ್ತೇನೆ. ಆ 40ನ್ನೇ ತಿರುಗಿಸಿ ಹಿಂದಕ್ಕೆ ಓಡಿಸುತ್ತೇನೆ. ಮತ್ತೆ 5 ಸೆಕೆಂಡ್ ಆಯಿತು. ಶುರುವೂ ಕೊನೆಯೂ ಅಸಲಿ ಫೋಟೋ, ಬೇಕಾದಷ್ಟು ಸಲ ಸುತ್ತಿಸಬಹುದು. ಉಸಿರು, ಕಣ್ಣು ಹಿಂದಕ್ಕೆ ಓಡಿದರೂ ಯಾರಿಗೂ ಗೊತ್ತಾಗಲ್ಲ. ಊದಿನಕಡ್ಡಿ ಇರುವ ಫೋಟೋಗೆ ಮಾತ್ರ ಇದು ಬೇಡ, ಹೊಗೆ ವಾಪಸ್ ಕಡ್ಡಿಯೊಳಗೆ ಹೋಗುತ್ತೆ.

ಆಮೇಲೆ ನಡುವಿನ ಫ್ರೇಮ್ ತಾನೇ ತುಂಬಿಸುವ ರೈಫ್‌ನಲ್ಲಿ ಫ್ರೇಮ್ ಎರಡು ಪಟ್ಟು ಮಾಡಿ ಸೆಕೆಂಡಿಗೆ 32ಕ್ಕೆ ತಂದು, ಟೈಮ್‌ಲೈನಿನಲ್ಲಿ 30 ಅಂತಲೇ ಓಡಿಸುತ್ತೇನೆ. ಒಂಚೂರು ನಿಧಾನ ಆಗುತ್ತೆ, ಹಿರಿಯರಿಗೆ ಅದೇ ಚಂದ ಕಾಣುತ್ತೆ.

ಕೆಲಸದ ಜೀವ ಇರೋದು ಮುಂದಿನ ಹೆಜ್ಜೆಯಲ್ಲಿ. ಅಸಲಿ ಫೋಟೋದ ಸ್ಕ್ಯಾನನ್ನು ಮೇಲಿನ ಲೇಯರಿನಲ್ಲಿ ಇಟ್ಟು, ಕಣ್ಣಿನ ಜಾಗ ಮತ್ತು ಎದೆಯ ಜಾಗದಲ್ಲಿ ಮಾತ್ರ ಮಾಸ್ಕ್ ಹಾಕಿ ತೂತು ಮಾಡುತ್ತೇನೆ, ಕೆಳಗಿನ ವಿಡಿಯೋ ಅಲ್ಲಿ ಮಾತ್ರ ಕಾಣುತ್ತೆ. ಅಂಚನ್ನು ಚೆನ್ನಾಗಿ ಫೆದರ್ ಮಾಡಿ ಕರಗಿಸಬೇಕು. ಬಾಯಿ, ಹಣೆಯ ವಿಭೂತಿ, ರುಮಾಲು, ನತ್ತು, ಹಿಂದಿನ ಪರದೆ ಎಲ್ಲ ಅಸಲಿ ಫೋಟೋದ್ದೇ. ಹಲ್ಲಿನ ಜಗಳ ಅಲ್ಲಿಗೇ ಮುಗಿಯಿತು. ತಲೆ ಅಲ್ಲಾಡಿದ ಕ್ಲಿಪ್ಪಿಗೆ ಇದು ನಡೆಯಲ್ಲ, ಅದನ್ನು ಆರಿಸಲೇಬೇಡಿ. ಒಂದು ತೊಡಕು ಉಳಿಯುತ್ತೆ. ಹಳೇ ಫೋಟೋದ ಗ್ರೇನ್ (ಮರಳಿನಂಥ ಸಣ್ಣ ಚುಕ್ಕೆ) ಮೇಲಿನ ಲೇಯರಿನಲ್ಲಿ ಕಲ್ಲಿನಂತೆ ನಿಂತಿರುತ್ತೆ, ಕಣ್ಣಿನ ಸುತ್ತ ಮಾತ್ರ ನುಣ್ಣಗೆ ಮಿನುಗುತ್ತೆ. ಎಲ್ಲದರ ಮೇಲೆ ಒಂದೇ ಥರದ ತೆಳು ಗ್ರೇನ್ ಓಡಿಸಿದರೆ ಎರಡೂ ಬೆರೆಯುತ್ತವೆ. ಕುತ್ತಿಗೆ ಹತ್ತಿರ ಎದೆಯ ಮಾಸ್ಕ್ ಎಲ್ಲಿ ನಿಲ್ಲಿಸಬೇಕು ಅನ್ನೋದನ್ನು ಕೇಳಬೇಡಿ, ಅದು ನನ್ನ ಹೊಟ್ಟೆಪಾಡು.

ಫೋಟೋ ಕೈಗೆ ಬರೋದೂ ಸುಲಭ ಅಲ್ಲ. ಗೋಡೆಯ ಫ್ರೇಮ್ ಬಿಚ್ಚೋಕೆ ಬಹಳ ಮನೆಗಳಲ್ಲಿ ಒಪ್ಪಲ್ಲ. ಮೊಬೈಲಿನಲ್ಲಿ ತೆಗೆದು ಕಳಿಸುತ್ತಾರೆ. ಗಾಜಿನ ಮೇಲೆ ಕುಂಕುಮ, ಅಡ್ಡಕ್ಕೆ ಟ್ಯೂಬ್‌ಲೈಟ್, ಜೊತೆಗೆ ಫೋಟೋ ತೆಗೆದವರ ನೆರಳು. ಎಐ ಆ ಟ್ಯೂಬ್‌ಲೈಟನ್ನು ನಿಜವಾದ ಬೆಳಕು ಅಂದುಕೊಂಡು ಮುಖದ ಮೇಲೆ ಓಡಾಡಿಸುತ್ತೆ. ಊರೊಳಗಿದ್ದರೆ ನಾನೇ ಹೋಗುತ್ತೇನೆ. ಎರಡು ಮೀಟರ್ ಕಪ್ಪು ಬಟ್ಟೆ, ನಡುವೆ ಲೆನ್ಸ್ ತೂರುವಷ್ಟು ತೂತು. ಬಟ್ಟೆಯನ್ನು ಕ್ಯಾಮೆರಾ ಮುಂದೆ ಹಿಡಿಸಿ, ಟ್ಯೂಬ್‌ಲೈಟ್ ಆರಿಸಿ, ಪಕ್ಕದ ಕಿಟಕಿಯ ಬೆಳಕಲ್ಲಿ ತೆಗೆದರೆ ಗಾಜು ಇದೆ ಅನ್ನೋದೇ ಗೊತ್ತಾಗಲ್ಲ. ಬಟ್ಟೆಗೆ ಆದ ಖರ್ಚು ನೂರೈವತ್ತೋ ನೂರೆಂಬತ್ತೋ. ನನ್ನ ಸಾಮಾನಿನಲ್ಲಿ ಅತಿ ಹೆಚ್ಚು ದುಡಿದದ್ದು ಅದೇ.

ಮುಖ ತೀರಾ ಹಾಳಾಗಿದ್ದರೆ ಮುಖ ರಿಪೇರಿ ಮಾಡುವ ಜಿಎಫ್‌ಪಿಗ್ಯಾನ್, ಕೋಡ್‌ಫಾರ್ಮರ್ ಹಾಕುತ್ತಾರಲ್ಲ, ಅದನ್ನು ಪೂರ್ತಿ ಜೋರಿನಲ್ಲಿ ಬಿಡಬೇಡಿ. ಯಾರೋ ಸಿನಿಮಾದವರ ಕಣ್ಣು ಬಂದು ಕೂರುತ್ತೆ. ಅರ್ಧ ಅಸಲಿ, ಅರ್ಧ ಅದು ಬೆರೆಸಿದರೆ ಸಾಕು.

ನಡುನಡುವೆ ಬೇರೆ ಕಸರತ್ತೂ ಮಾಡಿದೆ. ಬೀದರ್‌ನ ಒಂದು ಬಿದ್ರಿ ಅಂಗಡಿಗೆ ರೀಲ್ಸ್ ಮಾಡಿಕೊಡೋಣ ಅಂತ ಹೂಜಿಯ ಫೋಟೋ ಹಾಕಿದೆ. ಕಪ್ಪು ಮೈಮೇಲಿನ ಬೆಳ್ಳಿ ಬಳ್ಳಿಯೆಲ್ಲ ತೆವಳೋಕೆ ಶುರು! ಅಂಥ ಸಣ್ಣ ಕುಸುರಿಗೆ ವಿಡಿಯೋ ಮಾಡೆಲ್ ಬೇಡವೇ ಬೇಡ. ಡೆಪ್ತ್ ಎನಿಥಿಂಗ್ ಅನ್ನುವ ಎಐನಲ್ಲಿ ಆಳದ ನಕ್ಷೆ (ಯಾವುದು ಹತ್ತಿರ, ಯಾವುದು ದೂರ ಅನ್ನೋದು) ತೆಗೆದು ಕ್ಯಾಮೆರಾ ಮಾತ್ರ ಅತ್ತಿತ್ತ ಜರುಗಿಸಿದೆ, ಒಂದು ಎಳೆಯೂ ಅಲುಗಲಿಲ್ಲ. ಅಂಗಡಿಯವರು ಖುಷಿಯಾದರು, ದುಡ್ಡಿನ ಬದಲು ಒಂದು ಪುಟ್ಟ ಹೂದಾನಿ ಕೊಟ್ಟರು. ಅದೇ ಓಡಾಟದಲ್ಲಿ ಮಹಮೂದ್ ಗವಾನನ ಮದರಸಾದ ಫೋಟೋ ಹಾಕಿ ಕ್ಯಾಮೆರಾ ಪಕ್ಕಕ್ಕೆ ಸರಿಯಲಿ ಅಂದೆ. ಫೋಟೋದ ಆಚೆ, ಖಾಲಿ ಜಾಗದಲ್ಲಿ, ಅದು ಇನ್ನೊಂದು ಮಿನಾರು ಕಟ್ಟಿ ನಿಲ್ಲಿಸಿತು. 1472ರ ಆ ಕಟ್ಟಡದ ಮುಂದೆ ಎರಡು ಮಿನಾರು ಇದ್ದದ್ದು ನಿಜ, ಈಗ ಉಳಿದಿರೋದು ಒಂದೇ. ಎಐಗೆ ಇತಿಹಾಸ ಗೊತ್ತಿತ್ತು ಅಂತಲ್ಲ, ಅದಕ್ಕೆ ಜೋಡಿ ಅಂದರೆ ಇಷ್ಟ. ಮಲಗಿದ ಬುದ್ಧನ ಹಾಗೆ ಕಾಣುವ ಶಹಾಪುರದ ಬೆಟ್ಟಕ್ಕೆ ಮೋಡ ಓಡಿಸಲು ಹೋದೆ. ಪ್ರಾಂಪ್ಟಿನಲ್ಲಿ ಬುದ್ಧ ಅಂತ ಬರೆದದ್ದಕ್ಕೆ ಬೆಟ್ಟವೇ ಉಸಿರಾಡಿತು. ಯಾರಿಗೂ ಮಾರಲಿಲ್ಲ, ಇಟ್ಟುಕೊಂಡಿದ್ದೇನೆ.

ಶರಣಬಸವೇಶ್ವರ ಜಾತ್ರೆಯ ತೇರಿನ ಫೋಟೋ ಮಾತ್ರ ನನ್ನನ್ನು ಸೋಲಿಸಿದೆ. ಸಾವಿರಾರು ತಲೆ, ಎಲ್ಲ ಕಲಸಿ ಒಂದಾಗುತ್ತೆ. ಮೇಲಿನ ಬಾವುಟ ಅಷ್ಟೇ ಆಡಿಸಿ ಉಳಿದದ್ದೆಲ್ಲ ನಿಲ್ಲಿಸಿದರೆ ನೋಡುವ ಹಾಗಿರುತ್ತೆ.

ಕನ್ನಡ ಅಕ್ಷರದ ಬಗ್ಗೆ ಒಂದು ಮಾತು. ಹುಟ್ಟುಹಬ್ಬದ ಫ್ಲೆಕ್ಸನ್ನೇ ವಿಡಿಯೋ ಮಾಡಿಕೊಡಿ ಅಂತ ಪುಢಾರಿಗಳ ಹುಡುಗರು ಬರುತ್ತಾರೆ. ಒತ್ತಕ್ಷರ ಎರಡನೇ ಸೆಕೆಂಡಿಗೇ ಎರೆಹುಳು. ಅಕ್ಷರ ಇಲ್ಲದ ಫೋಟೋ ಕೊಟ್ಟು, ಹೆಸರು ಆಮೇಲೆ ಎಡಿಟಿಂಗಿನಲ್ಲಿ ಹಾಕಿ. ಈ ಹುಡುಗರ ಹತ್ತಿರ ಪೂರ್ತಿ ಅಡ್ವಾನ್ಸ್ ತಗೊಳ್ಳಿ. ಹಬ್ಬ ಮುಗಿದ ಮೇಲೆ ಫೋನ್ ಎತ್ತಲ್ಲ.

ರೇಟು ಹೇಳಿಬಿಡುತ್ತೇನೆ. ಒಂದು ಫೋಟೋ, ಹದಿನೈದು ಸೆಕೆಂಡ್, ಹೆಸರು, ತಾರೀಖು, ವಚನದ ಒಂದು ಸಾಲು ಸೇರಿ 700. ಗಂಡ ಹೆಂಡತಿ ಇಬ್ಬರಿದ್ದರೆ 1,200. ತಿಂಗಳಿಗೆ ಇಪ್ಪತ್ತರಿಂದ ಮೂವತ್ತು ಬರುತ್ತವೆ, ಲಗ್ನದ ಸೀಸನ್ನಿನಲ್ಲಿ ಇನ್ನೂ ಜಾಸ್ತಿ. ಮದುಮಗನ ತಂದೆ ಇಲ್ಲದಿದ್ದರೆ ಎಲ್‌ಇಡಿ ಪರದೆಗೆ ಕೇಳುತ್ತಾರೆ. ಕಾರ್ಡಿನ ದುಡ್ಡು ಎರಡು ತಿಂಗಳಲ್ಲಿ ವಾಪಸ್ ಬಂತು. ಕೊಡುವಾಗ ವಾಟ್ಸಾಪಿನಲ್ಲಿ ಡಾಕ್ಯುಮೆಂಟ್ ಮಾಡಿಯೇ ಕಳಿಸಿ, ಸುಮ್ನೆ ವಿಡಿಯೋ ಅಂತ ಕಳಿಸಿದರೆ ನಾವು ಹಾಕಿದ ಗ್ರೇನೆಲ್ಲ ಚೌಕ ಚೌಕ ಆಗುತ್ತೆ. ಮೂಲೆಯಲ್ಲಿ ಸಣ್ಣದಾಗಿ ಎಐ ಅಂತ ಹಾಕುತ್ತೇನೆ, ಯಾರೂ ಬೇಡ ಅಂದಿಲ್ಲ.

ತೀರಿಕೊಂಡವರ ಬಾಯಿಂದ ಮಾತಾಡಿಸಿ ಅಂತ ಬರುವ ಕೆಲಸ ನಾನು ತಗೊಳ್ಳಲ್ಲ. ಆಸ್ತಿ ಜಗಳ ಇರುವ ಮನೆಯಿಂದ ಒಬ್ಬರು ಬಂದಿದ್ದರು, ಏನು ಮಾತಾಡಿಸಬೇಕು ಅಂತ ಚೀಟಿಯನ್ನೂ ಬರೆದು ತಂದಿದ್ದರು. ಚಹಾ ಕುಡಿಸಿ ಕಳಿಸಿದೆ.

ಮೊನ್ನೆ ಆ ಆಳಂದದ ಕಾಕಾನ ಮಗ ಬಂದಿದ್ದ. ಹೊಸ ರೀತಿಯಲ್ಲಿ ಮಾಡಿದ್ದನ್ನು ಮನೆಯ ಗುಂಪಿಗೆ ಹಾಕಿದ್ದಾನಂತೆ, ಪುಣೆಯಲ್ಲಿರುವ ಅತ್ತಿಯೊಬ್ಬರು ತಮ್ಮ ಅವ್ವಂದೂ ಬೇಕು ಅಂದಿದ್ದಾರೆ. ಕೊಟ್ಟ ಫೋಟೋ ಹನ್ನೊಂದು ಜನರ ಗ್ರೂಪ್, ಆ ಅವ್ವನ ಮುಖ ಕಡಲೆಕಾಳಿನಷ್ಟು. ಆಗಲ್ಲ ಅಂದೆ. ಬೇರೆ ಫೋಟೋ ಇಲ್ವಂತೆ. ಹಳೇ ರೇಷನ್ ಕಾರ್ಡ್ ಹುಡುಕಿ ನೋಡು ಅಂತ ಹೇಳಿ ಕಳಿಸಿದ್ದೇನೆ.