ಜನರ ಎದುರೇ ತಂತಿ ಅದಲು ಬದಲು: ನನ್ನ ಅನುಭವ

ಹದಿನೇಳನೇ ಶತಮಾನದ ಸಂಗೀತಕಾರ ಬೀಬರ್‌ನ ಹನ್ನೊಂದನೇ ಪಿಟೀಲು ಸೊನಾಟಾ (ವಾದ್ಯಕ್ಕೆಂದೇ ಬರೆದ ಕೃತಿ) ನುಡಿಸಲು ಪಿಟೀಲಿನ ನಡುವಿನ ಎರಡು ತಂತಿ ಜಾಗ ಬದಲಿಸಬೇಕು. ಅದನ್ನು ಜನರ ಎದುರೇ ಮಾಡುತ್ತೇನೆ ಎಂದಾಗ ನಮ್ಮ ಗುಂಪಿನಲ್ಲಿ ಯಾರೂ ಒಪ್ಪಲಿಲ್ಲ. ಶ್ರುತಿ ಮಾಡುವುದನ್ನು ಯಾರು ನೋಡುತ್ತಾರೆ, ಒಳಗೇ ಮಾಡಿಕೊಂಡು ಬಾ ಅಂದರು. ಈ ಚಳಿಗಾಲ ನೆದರ್ಲೆಂಡ್ಸ್‌ನ ಉಟ್ರೆಕ್ಟ್‌ನ ಸಣ್ಣ ಚರ್ಚೊಂದರಲ್ಲಿ ನನ್ನ ಹಟ ಗೆದ್ದಿತು.

ಈಗಿನ ಆಸ್ಟ್ರಿಯಾದ ಸಾಲ್ಜ್‌ಬರ್ಗ್‌ನಲ್ಲಿದ್ದ ಬೀಬರ್ ಈ ಸೊನಾಟಾಗಳ ಸರಣಿಯನ್ನು ಬರೆದದ್ದು 1676ರ ಆಸುಪಾಸಿನಲ್ಲಿ. ಹನ್ನೊಂದನೆಯದು ಯೇಸು ಮತ್ತೆ ಎದ್ದು ಬಂದದ್ದರ ಬಗ್ಗೆ. ಕುದುರೆಯ (ತಂತಿಗಳನ್ನು ಎತ್ತಿ ಹಿಡಿಯುವ ಮರದ ತುಂಡು) ಹಿಂದೆ ಎರಡು ತಂತಿ ಒಂದನ್ನೊಂದು ದಾಟಿ ಶಿಲುಬೆಯಾಗುತ್ತವೆ. ತಂತಿ ಬಿಗಿಯುವ ಬಿರಡೆಯ ಕಡೆಯೂ ಹಾಗೇ. ಈ ಶಿಲುಬೆ ಕಿವಿಗೆ ಬೀಳುವುದಿಲ್ಲ, ಕಣ್ಣಿಗೆ ಬೀಳುತ್ತದೆ. ಅದನ್ನು ಮುಚ್ಚಿಟ್ಟು ನುಡಿಸುವುದು ಯಾಕೆ?

ಕುರ್ಚಿಗಳನ್ನು ಸಾಲಾಗಿ ಹಾಕದೆ ನನ್ನ ಸುತ್ತ ಹಾಕಿಸಿದೆ. ಮುಂದಿನವರು ಎರಡು ಮೀಟರ್ ದೂರದಲ್ಲಿ. ಇದರಿಂದ ನೂರು ಜನರ ಜಾಗದಲ್ಲಿ ಅರುವತ್ತೇ ಹಿಡಿದವು. ಲೆಕ್ಕ ನೋಡಿಕೊಳ್ಳುವ ಗೆಳತಿ ಮುಖ ಗಂಟು ಹಾಕಿಕೊಂಡಳು. ಹದಿನೈದು ಯೂರೋ ಟಿಕೆಟ್, ಬಾಡಿಗೆಯೇ ಇನ್ನೂರೈವತ್ತರ ಹತ್ತಿರ. ಮೊದಲ ಕಾರ್ಯಕ್ರಮಗಳಿಗೆ ನಾವೇ ಕೈಯಿಂದ ದುಡ್ಡು ಹಾಕಿದ್ದೆವು.

ಆಗ ಕಾಡಿದ್ದು ಪ್ರಾಣಿಯ ಕರುಳಿನಿಂದ ಮಾಡಿದ ತಂತಿ. ತಾಲೀಮಿನಲ್ಲಿ ಸರಿಯಾಗಿ ನಿಂತ ಶ್ರುತಿ ಜನ ತುಂಬಿದ ಮೇಲೆ ಜಾರುತ್ತಿತ್ತು. ಒಮ್ಮೆ ಚರ್ಚಿನ ಹೀಟರ್ ಜೋರಾಗಿ ಹಾಕಿದ್ದರು; ಎರಡನೇ ಪುಟಕ್ಕೆ ಬರುವಷ್ಟರಲ್ಲಿ ಎಲ್ಲಕ್ಕಿಂತ ತೆಳುವಾದ ಇ ತಂತಿ ಪಟ್ಟನೆ ಹರಿಯಿತು. ಒಂದಕ್ಕೆ ಸುಮಾರು ಹತ್ತು ಯೂರೋ. ಆ ವರ್ಷ ಊಟಕ್ಕಿಂತ ತಂತಿಗೇ ಜಾಸ್ತಿ ಖರ್ಚಾಯಿತೇನೋ. ಈಗ ಜನ ಬರುವ ಒಂದು ಗಂಟೆ ಮೊದಲೇ ಹೀಟರ್ ಆರಿಸುತ್ತೇವೆ. ಹೊಸ ತಂತಿಯನ್ನು ಹದ ಮಾಡಿಕೊಳ್ಳಲು ನನ್ನದೇ ಒಂದು ಉಪಾಯವಿದೆ. ಅದನ್ನು ಇಲ್ಲಿ ಹೇಳುವುದಿಲ್ಲ.

ತಂತಿ ಬದಲಿಸುವಾಗ ನಡುವಿನ ಎರಡನ್ನು ಮಾತ್ರ ಪೂರ್ತಿ ಸಡಿಲಿಸಬೇಕು. ನಾಲ್ಕನ್ನೂ ಬಿಟ್ಟರೆ ಪಿಟೀಲಿನ ಒಳಗೆ ಒತ್ತಿ ನಿಲ್ಲಿಸಿದ ಮರದ ಕಡ್ಡಿ ಬೀಳಬಹುದು. ಈ ಕೆಲಸಕ್ಕೆ ನನಗೆ ನಾಲ್ಕು ನಿಮಿಷ ಸಾಕು, ಇದು ನನಗೆ ಹೆಮ್ಮೆಯ ವಿಷಯ. ಅಷ್ಟು ಹೊತ್ತು ಥಿಯೋರ್ಬೋ (ಉದ್ದ ಕತ್ತಿನ, ಮೀಟುವ ತಂತಿವಾದ್ಯ) ನುಡಿಸುವ ಗೆಳೆಯ ಮೆಲ್ಲಗೆ ಜಿ ಎಂಬ ಪಾಶ್ಚಾತ್ಯ ಸ್ವರದ ಸುತ್ತ ನುಡಿಸುತ್ತಿರುತ್ತಾನೆ. ನಾನು ಅದಕ್ಕೇ ಶ್ರುತಿ ಕೂಡಿಸಿಕೊಳ್ಳುತ್ತೇನೆ.

ಕರ್ನಾಟಕ ಸಂಗೀತದ ಪಿಟೀಲು ಕಲಿತವರು ಇದನ್ನು ಗಮನಿಸಿ. ಬೀಬರ್ ಕೇಳುವ ಸ್ವರಗಳು ಜಿ, ಡಿ, ಜಿ, ಡಿ. ಜಿ ಷಡ್ಜ ಎಂದುಕೊಂಡರೆ ನಮ್ಮ ಸ-ಪ-ಸ-ಪವೇ! ನಡುವಿನವು ಜಾಗ ಬದಲಿಸಿ ಸ-ಸ-ಪ-ಪ ಆಗಿವೆ. ಒಂದೇ ಬೆರಳಲ್ಲಿ ಸ-ಸ ಅಥವಾ ಪ-ಪ ಜೋಡಿಯ ಎರಡು ತಂತಿ ಒತ್ತಿದರೆ ಒಂದೇ ಸ್ವರ ಎರಡು ಸ್ಥಾಯಿಯಲ್ಲಿ ಮೊಳಗುತ್ತದೆ. ಸೊನಾಟಾದೊಳಗಿನ ಈಸ್ಟರ್ ಹಬ್ಬದ ಹಾಡು ಹಾಗೆ ಎದ್ದಾಗ, ತಂತಿ ದಾಟಿಸಿದ್ದನ್ನು ಆಗಷ್ಟೇ ನೋಡಿದ್ದ ಜನರ ಮುಖ ನೋಡಬೇಕಿತ್ತು. ಮುದುಕರೊಬ್ಬರು ಕುರ್ಚಿಯಿಂದ ಅರ್ಧ ಎದ್ದೇ ಬಿಟ್ಟರು. ನನಗೂ ಮೈ ಜುಮ್ಮೆಂದಿತು. ರೆಕಾರ್ಡಿಂಗಿನಲ್ಲಿ ಇದು ಸಿಗುವುದಿಲ್ಲ.

ನಡುವೆ ಕ್ಯಾಮೆರಾ ಇಟ್ಟು ಬೆರಳುಗಳನ್ನು ಗೋಡೆಯ ಮೇಲೆ ದೊಡ್ಡದಾಗಿ ತೋರಿಸಿಯೂ ನೋಡಿದೆವು. ಎಲ್ಲರೂ ಗೋಡೆಯನ್ನೇ ನೋಡತೊಡಗಿದರು, ತೆಗೆದು ಹಾಕಿದೆ.

ಈ ಸಲ ಖರ್ಚು ಕಳೆದು ಮೂವರಿಗೂ ತಲಾ ನೂರೈವತ್ತು ಯೂರೋ ಉಳಿಯಿತು. ಮಾಡಲು ಹೊರಟವರಿಗೆ ಒಂದು ಮಾತು: ಇದರ ನಂತರ ಸರಣಿಯ ಕೊನೆಯ ಕೃತಿ ಪಾಸಕಾಲ್ಯಾ ನುಡಿಸುವುದಾದರೆ, ಅದಕ್ಕಾಗಿ ಅದೇ ಪಿಟೀಲಿನ ಶ್ರುತಿಯನ್ನು ಮತ್ತೆ ಮೇಲಕ್ಕೆ ಏರಿಸಬೇಡಿ. ಇ ತಂತಿ ಹರಿಯುವುದು ಅಲ್ಲೇ. ಎರಡನೇ ಪಿಟೀಲು ಪಕ್ಕದಲ್ಲಿರಲಿ.