ಊರಿಂದ ಬಂದ ಅಪ್ಪ-ಅಮ್ಮನ ಜೊತೆ ಕೆರಿಬಿಯನ್‌ನಲ್ಲಿ ಹಾಯಿದೋಣಿ ಸುತ್ತಾಟ: ಹೀಗೆ ಮಾಡಿ

ಅಮೆರಿಕದ ಮಕ್ಕಳ ಮನೆಗೆ ಊರಿಂದ ಅಪ್ಪ-ಅಮ್ಮ ಬಂದರೆ ನಯಾಗರ, ನ್ಯೂಯಾರ್ಕ್, ಒಂದೆರಡು ದೇವಸ್ಥಾನ, ಅಲ್ಲಿಗೆ ಪಟ್ಟಿ ಮುಗಿಯುತ್ತದೆ. ನಿಮಗೆ ಹಾಯಿದೋಣಿ ನಡೆಸಿ ಅಭ್ಯಾಸವಿದ್ದರೆ ಬ್ರಿಟಿಷ್ ವರ್ಜಿನ್ ದ್ವೀಪಗಳಿಗೂ ಕರೆದುಕೊಂಡು ಹೋಗಿ. ಹೆಚ್ಚಿನ ದ್ವೀಪಗಳು ಹತ್ತಿರ ಹತ್ತಿರ. ಆದರೆ ದಾರಿ ಹಾಕುವಾಗ ನಕ್ಷೆಗಿಂತ ಮೊದಲು ಅಮ್ಮನ ಮಂಡಿ, ಅಪ್ಪನ ಹೊಟ್ಟೆ ನೋಡಿ.

ಮೊದಲು ಕಾಗದಪತ್ರ. ವಾಪಸ್ ಅಮೆರಿಕಕ್ಕೇ ಬರಬೇಕಲ್ವಾ? ಅವರ ವೀಸಾ ಮಲ್ಟಿಪಲ್ ಎಂಟ್ರಿ ಆಗಿರಬೇಕು, ಅವಧಿಯೂ ಉಳಿದಿರಬೇಕು. ದ್ವೀಪಗಳ ಪ್ರವೇಶ ನಿಯಮವನ್ನು ಟಿಕೆಟ್‌ಗೆ ಮುಂಚೆಯೇ ವಿಚಾರಿಸಿ.

ಜೂನ್‌ನಿಂದ ನವೆಂಬರ್‌ವರೆಗೆ ಚಂಡಮಾರುತದ ಕಾಲ, ಬೇಡ. 2017ರ ಸೆಪ್ಟೆಂಬರ್‌ನಲ್ಲಿ ಇರ್ಮಾ ಇಲ್ಲಿನ ದೋಣಿಗಳನ್ನು ರಾಶಿ ಹಾಕಿತ್ತು. ಡಿಸೆಂಬರ್-ಜನವರಿಯಲ್ಲಿ ಗಾಳಿ ಜೋರು. ಹಿರಿಯರಿಗೆ ಏಪ್ರಿಲ್-ಮೇ ವಾಸಿ.

ದೋಣಿ ಕ್ಯಾಟಮರಾನ್, ಅಂದರೆ ಜೋಡಿ ಒಡಲಿನದು ಆಗಲಿ. ಬಾಡಿಗೆ ಜಾಸ್ತಿ, ನಿಜ. ಆದರೆ ಒಂಟಿ ಒಡಲಿನ ದೋಣಿ ಗಾಳಿಗೆ ವಾಲುತ್ತದೆ. ಇದು ಅಷ್ಟು ವಾಲುವುದಿಲ್ಲ, ಹಿಂದೆ ಅಗಲವಾದ ಮೆಟ್ಟಿಲೂ ಇರುತ್ತದೆ. ಕೈಗೆ ಕೆಲಸ ಬೇಡ ಅನ್ನಿಸಿದರೆ ಕ್ಯಾಪ್ಟನ್ ಇಟ್ಟುಕೊಳ್ಳಿ.

ಮುಖ್ಯ ದ್ವೀಪ ಟೊರ್ಟೋಲಾದ ರೋಡ್ ಟೌನ್‌ನಲ್ಲಿ ಅಕ್ಕಿ, ತರಕಾರಿ, ಕುಡಿಯುವ ನೀರು ತುಂಬಿಕೊಳ್ಳಿ. ಒಲೆ ಹಚ್ಚದೆ ಆಗುವ ಅವಲಕ್ಕಿ ಒಂದು ಪೊಟ್ಟಣ ಇರಲಿ. ಹೊರಡುವ ಮುಂಚೆ ದೋಣಿಯ ಟಾಯ್ಲೆಟ್ ಹೇಗೆ ಬಳಸುವುದು ಅಂತ ನಾಚಿಕೆ ಬಿಟ್ಟು ತೋರಿಸಿ. ವಾಂತಿ ತಡೆಯುವ ಮಾತ್ರೆ ತಲೆ ಸುತ್ತಿದ ಮೇಲಲ್ಲ, ಹೊರಡುವ ಮೊದಲೇ. ಬಿಪಿ ಮಾತ್ರೆ ನುಂಗುವವರು ಡಾಕ್ಟರನ್ನು ಕೇಳಿಯೇ ತೆಗೆದುಕೊಳ್ಳಲಿ. ದೋಣಿ ಸಾಗುವಾಗ ಅವರನ್ನು ಕೋಣೆಯಲ್ಲಿ ಮಲಗಿಸಬೇಡಿ. ಹೊರಗೆ ಕೂರಿಸಿ, ದೂರದ ಗುಡ್ಡ ನೋಡುತ್ತಿರಲಿ.

ಮೊದಲ ದಿನ ನಾರ್ಮನ್ ದ್ವೀಪ ಸಾಕು. ಮಧ್ಯಾಹ್ನದೊಳಗೆ ತಲುಪಿ. ದೋಣಿ ಕಟ್ಟುವ ತೇಲುವ ಚೆಂಡುಗಳು (ಮೂರಿಂಗ್ ಬಾಲ್) ಸಂಜೆಗೆ ತುಂಬಿಹೋಗುತ್ತವೆ.

ಕಷ್ಟ ಇರುವುದು ಹಾಯಿಯಲ್ಲಲ್ಲ, ದಡಕ್ಕೆ ಹೋಗುವ ಪುಟ್ಟ ರಬ್ಬರ್ ಡಿಂಗಿಯಲ್ಲಿ. ನೀವು ಮೊದಲು ಇಳಿದು ಕೂತುಕೊಳ್ಳಿ. ಇನ್ನೊಬ್ಬರು ಮೇಲಿಂದ ಹಗ್ಗ ಬಿಗಿ ಹಿಡಿಯಲಿ. ಅಮ್ಮನ ಕೈಯಲ್ಲಿ ಬ್ಯಾಗು, ಚಪ್ಪಲಿ ಏನೂ ಬೇಡ. ಸೀರೆಗಿಂತ ಚೂಡಿದಾರ ಅನುಕೂಲ. ಅಲೆ ಬಂದು ಡಿಂಗಿ ಮೇಲೆದ್ದು ಮೆಟ್ಟಿಲಿಗೆ ಸಮವಾದಾಗ "ಈಗ ಬಾಮ್ಮಾ" ಅನ್ನಿ. ಕಾಲು ಅಂಚಿನ ಮೇಲಲ್ಲ, ನಡುವೆ ಇಡಬೇಕು, ಇಟ್ಟ ತಕ್ಷಣ ಕೂತುಬಿಡಬೇಕು. ಲೈಫ್ ಜಾಕೆಟ್ ಮೊದಲೇ ಹಾಕಿರಿ. ಕಟ್ಟೆಯ ಪಕ್ಕ, ನೀರು ಸುಮ್ಮನಿರುವಾಗ ನಾಲ್ಕು ಸಲ ಅಭ್ಯಾಸ ಮಾಡಿಸಿ.

ಸಾಲ್ಟ್ ದ್ವೀಪದ ಪಕ್ಕ ಹಾದುಹೋಗುವಾಗ ಅಪ್ಪನಿಗೆ ಆರ್‌ಎಂಎಸ್ ರೋನ್ ಕಥೆ ಹೇಳಿ. 1867ರ ಚಂಡಮಾರುತದಲ್ಲಿ ಬಂಡೆಗೆ ಬಡಿದು ಮುಳುಗಿದ ಹಡಗು ಅದು, ಈಗಲೂ ನೀರಿನಡಿ ಇದೆ.

ವರ್ಜಿನ್ ಗೋರ್ಡಾ ದ್ವೀಪದ ‘ದಿ ಬಾತ್ಸ್’ ತಪ್ಪಿಸಬೇಡಿ. ಮನೆಯಷ್ಟು ದೊಡ್ಡ ಗ್ರಾನೈಟ್ ಬಂಡೆಗಳು, ಅವುಗಳ ಸಂದಿಯಲ್ಲಿ ಸಮುದ್ರದ ನೀರಿನ ಹೊಂಡಗಳು. ನೋಡಿದರೆ ಅಪ್ಪನಿಗೆ ಹಂಪಿ ನೆನಪಾದೀತು. ಆದರೆ ಡಿಂಗಿಯನ್ನು ಮರಳಿಗೆ ತರುವಂತಿಲ್ಲ, ದೂರದಲ್ಲಿ ಕಟ್ಟಿ ಈಜಿ ಬರಬೇಕು. ಈಜು ಬಾರದವರಿದ್ದರೆ ಅದೇ ದ್ವೀಪದ ಸ್ಪ್ಯಾನಿಷ್ ಟೌನ್‌ನಲ್ಲಿ ಇಳಿದು ಟ್ಯಾಕ್ಸಿ ಹಿಡಿಯಿರಿ, ಮೇಲಿನಿಂದ ನಡೆದು ಇಳಿಯಬಹುದು. ಬಂಡೆಗಳ ನಡುವಿನ ಏಣಿ, ಹಗ್ಗದ ದಾರಿ ಮಂಡಿ ನೋವಿದ್ದವರಿಗೆ ಬೇಡವೇ ಬೇಡ. ಕೆಂಪು ಬಾವುಟ ಹಾರುತ್ತಿದ್ದರೆ ಯಾರೂ ನೀರಿಗಿಳಿಯಬೇಡಿ.

ಅನೆಗಾಡಾ ಕಡೆಗೆ ಮನಸ್ಸು ಎಳೆಯುತ್ತದೆ. ಹವಳದ ದ್ವೀಪ, ಅತಿ ಎತ್ತರದ ಜಾಗವೇ ಸುಮಾರು 28 ಅಡಿ. ಹತ್ತಿರ ಹೋಗುವವರೆಗೆ ಕಣ್ಣಿಗೇ ಬೀಳುವುದಿಲ್ಲ, ಸುತ್ತ ಹವಳದ ದಿಬ್ಬಗಳು. ದಾರಿಯೂ ತೆರೆದ ಸಮುದ್ರ. ಅಲ್ಲಿಯವರೆಗೆ ಅಪ್ಪ-ಅಮ್ಮ ಊಟ ಸರಿಯಾಗಿ ಮಾಡುತ್ತಿದ್ದರೆ ಬೆಳಿಗ್ಗೆಯೇ ಹೊರಡಿ. ಇಲ್ಲಾಂದ್ರೆ ರೋಡ್ ಟೌನ್‌ಗೆ ಮರಳಿ, ಫೆರ್ರಿಯಲ್ಲಿ ಹೋಗಿಬನ್ನಿ.