ಎಮ್ಮರ್‌ಡೇಲ್ ನೋಡಬೇಕೆ? 2016ನೇ ವರ್ಷ ಹಿಡಿಯಿರಿ

ಎಮ್ಮರ್‌ಡೇಲ್ ಎಲ್ಲಿಂದ ನೋಡಲಿ ಎಂದು ಹೊಸದಾಗಿ ಇಂಗ್ಲೆಂಡಿಗೆ ಬಂದ ನಮ್ಮವರು ನನ್ನನ್ನು ಕೇಳುತ್ತಿರುತ್ತಾರೆ. 1972ರ ಅಕ್ಟೋಬರ್‌ನಲ್ಲಿ, ಜೇಕಬ್ ಸಗ್ಡನ್ ಎಂಬ ರೈತನ ಶವಸಂಸ್ಕಾರದಿಂದ ಶುರುವಾದ, ಯಾರ್ಕ್‌ಶೈರ್‌ನ ಒಂದು ಹಳ್ಳಿಯ ಕಥೆ ಹೇಳುವ ಟಿವಿ ಧಾರಾವಾಹಿ ಇದು. ಮೊದಲಿನಿಂದ ನೋಡಿ ಮುಗಿಸುವ ಮಾತೇ ಇಲ್ಲ. ಒಂದು ವರ್ಷ ಆರಿಸಿಕೊಂಡು ಅದರೊಳಗೆ ಕೂತುಬಿಡಬೇಕು. ನನ್ನ ಆಯ್ಕೆ 2016. ಆ ವರ್ಷದ ಕೆಲಸಕ್ಕೆ ಮರುವರ್ಷ ಬ್ರಿಟನ್ನಿನ ದೊಡ್ಡ ಟಿವಿ ಪ್ರಶಸ್ತಿಯಾದ ಬಾಫ್ಟಾ ಬಂತು, ಅದು ಸರಿಯಾದ ತೀರ್ಪು. ನಾನು ಲೀಡ್ಸ್‌ನ ಒಂದು ಕೇರ್ ಹೋಮ್‌ನಲ್ಲಿ ನರ್ಸು. ಮರೆವಿನ ಕಾಯಿಲೆಯವರ ನಡುವೆ ಕೆಲಸ ಮಾಡುವುದರಿಂದಲೂ ಈ ವರ್ಷ ನನಗೆ ಹತ್ತಿರ.

ಆಗ ವಾರಕ್ಕೆ ಆರು ಕಂತು ಬರುತ್ತಿದ್ದವು: ಸೋಮವಾರದಿಂದ ಶುಕ್ರವಾರದವರೆಗೆ ಸಂಜೆ 7ಕ್ಕೆ, ಗುರುವಾರ 8ಕ್ಕೆ ಇನ್ನೊಂದು. ವರ್ಷಕ್ಕೆ ಸುಮಾರು ಮುನ್ನೂರು. ಎಲ್ಲವನ್ನೂ ನೋಡಬೇಕಿಲ್ಲ. ಧಾರಾವಾಹಿಯ ಅಧಿಕೃತ ಯೂಟ್ಯೂಬ್ ಚಾನೆಲ್‌ನಲ್ಲಿ ಹಳೆಯ ತುಣುಕುಗಳಿವೆ. ಸಿಕ್ಕಿದ್ದನ್ನು ಸಿಕ್ಕಂತೆ ಒತ್ತಬೇಡಿ, ತಾರೀಖು ನೋಡಿ ಜೋಡಿಸಿಕೊಳ್ಳಿ. ಸಬ್‌ಟೈಟಲ್ ಹಾಕಿಕೊಳ್ಳಿ, ಯಾರ್ಕ್‌ಶೈರ್ ಮಾತು ಕಿವಿಗೆ ಹತ್ತಲು ಸಮಯ ಬೇಕು.

ಮೊದಲು ಮನೆತನಗಳನ್ನು ಬರೆದುಕೊಳ್ಳಿ. ಡಿಂಗಲ್, ಸಗ್ಡನ್, ಬಾರ್ಟನ್, ಥಾಮಸ್, ಈ ನಾಲ್ಕು ಸಾಕು. ಊರಿನವರೆಲ್ಲ ಸೇರುವ ಜಾಗ ವೂಲ್‌ಪ್ಯಾಕ್ ಪಬ್. ಹತ್ತಿರದ ಪೇಟೆ ಹಾಟನ್. ಈ ಊರನ್ನು ನಿಜವಾದ ಹಳ್ಳಿಯೆಂದು ಹುಡುಕಿಕೊಂಡು ಹೋಗಬೇಡಿ. ತೊಂಬತ್ತರ ದಶಕದ ಕೊನೆಯಿಂದ ಇದು ಲೀಡ್ಸ್ ಬಳಿಯ ಹೇರ್‌ವುಡ್ ಎಸ್ಟೇಟಿನಲ್ಲಿ ಚಿತ್ರೀಕರಣಕ್ಕೆಂದೇ ಕಟ್ಟಿದ ಊರು. ಅದಕ್ಕೆ ಮುಂಚೆ ಎಶೋಲ್ಟ್ ಎಂಬ ಹಳ್ಳಿಯಲ್ಲಿ ತೆಗೆಯುತ್ತಿದ್ದರು.

ಇನ್ನು ಮುಖ್ಯ ಮಾತು. ಏನಾಯಿತು ಎಂದು ಬರೆಯಬೇಡಿ, ಯಾರಿಗೆ ಏನು ಗೊತ್ತು ಎಂದು ಬರೆಯಿರಿ. ಒಂದು ಕಥೆಗೆ ಒಂದು ಹಾಳೆ. ಮೇಲೆ ಹೆಸರುಗಳು, ಕೆಳಗೆ ಆ ಗುಟ್ಟು ಅವರಿಗೆ ತಿಳಿದ ತಾರೀಖು. ಕಥೆ ನಡೆಯುವುದು ಅಪಘಾತದಿಂದಲ್ಲ, ತಿಳಿದವರು ತಿಳಿಯದವರ ಎದುರು ಬಂದು ನಿಲ್ಲುವುದರಿಂದ. ನಮ್ಮ ಕೇರ್ ಹೋಮ್‌ನ ಒಬ್ಬ ಅಜ್ಜಿ ಟಿವಿ ಮುಂದೆ ಕೂತು, "ಬಾಗಿಲ ಹಿಂದೆ ಅವಳಿದ್ದಾಳೆ, ಬಾಯಿ ಬಿಡಬೇಡ ಮಾರಾಯ" ಎಂದು ಕೂಗುತ್ತಿದ್ದರು. ಎಷ್ಟೋ ಹೆಸರು ಮರೆತಿದ್ದವರು, ಯಾರಿಗೆ ಯಾವುದು ಗೊತ್ತಾಗಬಾರದು ಎಂಬುದನ್ನು ಮಾತ್ರ ಬಿಟ್ಟುಕೊಟ್ಟಿರಲಿಲ್ಲ.

ಈ ಹಾಳೆಯನ್ನು ಡಿಂಗಲ್ ಮನೆತನದ ಯುವಕ ಆರನ್‌ನ ಕಥೆಯಿಂದ ಶುರು ಮಾಡಿ. ಬಾಲ್ಯದಲ್ಲಿ ತಂದೆ ಗಾರ್ಡನ್‌ನಿಂದ ಆದ ಲೈಂಗಿಕ ದೌರ್ಜನ್ಯವನ್ನು ಆರನ್ ಮೊದಲು ಹೇಳುವುದು ತನ್ನ ಪ್ರಿಯಕರನಾಗಿದ್ದ ರಾಬರ್ಟ್ ಸಗ್ಡನ್‌ಗೆ. ತಾಯಿ ಚ್ಯಾಸ್ ಅದೇ ಹೊತ್ತಿಗೆ ಗಾರ್ಡನ್‌ಗೆ ಮತ್ತೆ ಹತ್ತಿರವಾಗಿದ್ದಾಳೆ. ಆ ದಿನಗಳಲ್ಲಿ ರಾಬರ್ಟ್‌ನ ಮುಖ ನೋಡಿ, ಆಮೇಲೆ ಚ್ಯಾಸ್‌ಗೆ ತಿಳಿಯುವ ಕಂತು ನೋಡಿ. ಏಪ್ರಿಲ್ ಹೊತ್ತಿಗೆ ಕೋರ್ಟು, ಶಿಕ್ಷೆ. ಬೇಗ ಮುಗಿಯುವ ಕಥೆಯಾದ್ದರಿಂದ ಕೈ ಪಳಗಿಸಿಕೊಳ್ಳಲು ಇದೇ ಸರಿ. ಮನಸ್ಸಿಗೆ ಭಾರ, ದಿನಕ್ಕೆ ಎರಡಕ್ಕಿಂತ ಹೆಚ್ಚು ಕಂತು ಬೇಡ.

ಪಾದ್ರಿ ಆ್ಯಶ್ಲಿ ಥಾಮಸ್‌ನ ಕಥೆಗೆ ಬಂದಾಗ ಇದೇ ಹಾಳೆ ತಿರುವುಮುರುವಾಗುತ್ತದೆ. ಅವನಿಗೆ ವ್ಯಾಸ್ಕುಲರ್ ಡಿಮೆನ್ಷಿಯಾ ಎಂಬ ಮರೆವಿನ ಕಾಯಿಲೆ. ಇಲ್ಲಿ ನೀವು ಅವನ ಹೆಸರಿನ ಕೆಳಗೆ ಬರೆದದ್ದನ್ನು ಒಂದೊಂದಾಗಿ ಹೊಡೆದುಹಾಕುತ್ತಾ ಹೋಗಬೇಕು. ಮೆದುಳಿಗೆ ರಕ್ತ ಸರಿಯಾಗಿ ತಲುಪದೆ ಬರುವ ಈ ಕಾಯಿಲೆ ಎಷ್ಟೋ ಸಲ ಒಂದೇ ಸಮನೆ ಜಾರುವುದಿಲ್ಲ. ಕೆಲವು ದಿನ ಹಾಗೇ ನಿಂತು, ಒಮ್ಮೆಲೇ ಒಂದು ಮೆಟ್ಟಿಲು ಕೆಳಗಿಳಿಯುತ್ತದೆ. ಬರೆದವರು ಅದನ್ನು ಬಲ್ಲವರು, ಒಳ್ಳೆಯ ದಿನಗಳನ್ನೂ ತೋರಿಸಿದ್ದಾರೆ. ಆ ಸಣ್ಣ ಸಣ್ಣ ಒಳ್ಳೆಯ ದಿನಗಳನ್ನು ಹಾರಿಸಬೇಡಿ. ಹೆಂಡತಿ ಲಾರೆಲ್ ಪಡುವ ಪಾಡು ಅರ್ಥವಾಗುವುದು ಅಲ್ಲೇ.

ಅಕ್ಟೋಬರ್‌ನ ಹಾಟನ್ ಬೈಪಾಸ್ ಅಪಘಾತದ ವಾರವನ್ನು ಮಾತ್ರ ಒಂದೂ ಬಿಡದೆ, ಕ್ರಮವಾಗಿ ನೋಡಿ. ಒಂದೇ ದಿನವನ್ನು ಬೇರೆ ಬೇರೆಯವರ ಕಡೆಯಿಂದ ಮತ್ತೆ ಮತ್ತೆ ತೋರಿಸುತ್ತಾರೆ. ಎಮಾ ಬಾರ್ಟನ್ ತನ್ನ ಮಕ್ಕಳ ತಂದೆ ಜೇಮ್ಸ್‌ನನ್ನು ಸೇತುವೆಯಿಂದ ತಳ್ಳುತ್ತಾಳೆ, ಕೆಳಗೆ ವಾಹನಗಳು ಒಂದಕ್ಕೊಂದು ಗುದ್ದುತ್ತವೆ, ಆರನ್ ಮತ್ತು ರಾಬರ್ಟ್ ಇದ್ದ ಕಾರು ನೀರಿಗೆ ಬೀಳುತ್ತದೆ. ಒಂದು ಕಂತಿನಲ್ಲಿ ದೂರದಲ್ಲಿ ಕೇಳಿಸಿದ ಶಬ್ದಕ್ಕೆ ಇನ್ನೊಂದರಲ್ಲಿ ಕಾರಣ ಸಿಗುತ್ತದೆ. ಎಮಾಳಿಗೆ ಆ ದಿನವೇ ಹೊಸ ಹಾಳೆ ತೆರೆಯಿರಿ, ಅದು ತುಂಬಲು ಬಹಳ ಕಾಲ ಬೇಕು.

ಡಿಸೆಂಬರ್ 20ರ ಕಂತಿಗೆ ಫೋನು ಪಕ್ಕಕ್ಕಿಡಿ. ಪೂರ್ತಿ ಕಂತು ಆ್ಯಶ್ಲಿಯ ಕಣ್ಣಿನಿಂದ. ಲಾರೆಲ್‌ನ ಪಾತ್ರದಲ್ಲಿ ನಾವು ಕಂಡೇ ಇರದ ಇನ್ನೊಬ್ಬ ನಟಿ ಬರುತ್ತಾರೆ. ಹೆಂಡತಿಯ ಮಾತು, ಹೆಂಡತಿಯ ಸಲುಗೆ, ಮುಖ ಮಾತ್ರ ಅಪರಿಚಿತ. ನೋಡುವವರೂ ಅವನಷ್ಟೇ ತಡವರಿಸುತ್ತಾರೆ. ನಟ ಜಾನ್ ಮಿಡಲ್‌ಟನ್ ಇಲ್ಲಿ ಹೆಚ್ಚು ಮಾಡುವುದಿಲ್ಲ, ನೋಡುತ್ತಾ ನಿಲ್ಲುತ್ತಾರೆ. ರೋಗಿಯೊಬ್ಬರು ನನ್ನನ್ನು ತಳ್ಳಿ "ನೀನು ಯಾರು?" ಎಂದಾಗ ಅವರ ಎದುರು ಏನು ಕಾಣುತ್ತಿರಬಹುದು ಎಂಬುದನ್ನು ಯಾವ ತರಬೇತಿಯೂ ನನಗೆ ಇಷ್ಟು ಸ್ಪಷ್ಟವಾಗಿ ತೋರಿಸಿರಲಿಲ್ಲ. ಮನೆಯಲ್ಲಿ ಮರೆವಿನವರನ್ನು ನೋಡಿಕೊಳ್ಳುವವರಿಗೆ ಬೇರೇನೂ ಬೇಡ, ಇದೊಂದನ್ನಾದರೂ ತೋರಿಸಿ.

ಡಿಸೆಂಬರ್ 31ಕ್ಕೆ ನಿಲ್ಲಿಸಬೇಡಿ. ಆ್ಯಶ್ಲಿಯ ಕಥೆ ಮುಗಿಯುವುದು 2017ರ ಏಪ್ರಿಲ್‌ನಲ್ಲಿ, ಎಮಾಳ ಹಾಳೆ ತುಂಬಲು ಅಕ್ಟೋಬರ್ ಬರಬೇಕು. ಅದೂ ಮುಗಿದು ಇನ್ನೊಂದು ವರ್ಷ ಬೇಕೆನಿಸಿದರೆ ಹಿಂದಕ್ಕೆ ಹೋಗಿ, 1993ರ ಡಿಸೆಂಬರ್ 30ಕ್ಕೆ. ಊರಿನ ಮೇಲೆ ವಿಮಾನ ಬೀಳುವ ಕಂತು ಅದು. ಬೆಕಿಂಡೇಲ್ ಎಂದಿದ್ದ ಊರಿನ ಹೆಸರು ಎಮ್ಮರ್‌ಡೇಲ್ ಎಂದಾದದ್ದು ಅದಾದ ಮೇಲೆ.